ಆಟದ ಕಂಪ್ಯೂಟರು: ಮಿತ ಹಣದಲ್ಲಿ ಬಿಡಿಭಾಗಗಳ ಆಯ್ಕೆ

ಹೋದ ದೀಪಾವಳಿಯ ಬೋನಸ್ ಕೈಸೇರಿದ ವಾರ, ನಮ್ಮ ವಾಚನಾಲಯಕ್ಕೆ ನಿತ್ಯವೂ ಬರುವ ಸದಸ್ಯರೊಬ್ಬರು ಪತ್ರಿಕೆಗಳ ಮೇಜಿನ ಬಳಿ ಬಂದು ಒಂದು ಚೀಟಿಯನ್ನು ನಮ್ಮ ಮುಂದಿಟ್ಟರು. "ಇದನ್ನ ಸ್ವಲ್ಪ ನೋಡ್ರಿ, ನನಗೇನೂ ತಿಳಿವಲ್ದು" ಎಂದರು. ಅದು ಬಿಲ್ಲಲ್ಲ, ಅಂಗಡಿಯವನು ಹರಿದುಕೊಟ್ಟ ಬರಿಯ ಚೀಟಿ. 'ಐ7 ಗೇಮಿಂಗ್ ಪಿಸಿ, 16 ಜಿಬಿ, 4 ಜಿಬಿ ಗ್ರಾಫಿಕ್ಸ್' ಎಂದು ಒಂದು ಸಾಲು, ಅದರ ಕೆಳಗೆ 38,000 ರೂಪಾಯಿ ಎಂಬ ಮೊತ್ತ, ಇಷ್ಟೇ ಇತ್ತು. ಡಿಪ್ಲೊಮಾ ಓದುತ್ತಿರುವ ಮಗ ಎರಡು ವರ್ಷಗಳಿಂದ ಕೇಳುತ್ತಿದ್ದ. ಬೋನಸ್ಸಿಗೆ ಪತ್ತಿನ ಸಂಘದ ಸಾಲವನ್ನೂ ಕೂಡಿಸಿ ತಂದೆ ತಂದುಕೊಟ್ಟಿದ್ದರು. ಗುಂಡಿ ಒತ್ತಿದರೆ ಪೆಟ್ಟಿಗೆಯೊಳಗೆ ಬಣ್ಣಬಣ್ಣದ ದೀಪಗಳು ಹತ್ತುತ್ತವೆ. ಆದರೆ ಹುಡುಗನು ಆಡಬೇಕೆಂದಿದ್ದ ಆಟ ಮಾತ್ರ ತೆರೆಯುವುದಿಲ್ಲ. ಅಂಗಡಿಗೆ ಹೋಗಿ ಕೇಳಿದರೆ "ಆಟದ್ದೇ ದೋಷ" ಎಂಬ ಉತ್ತರ.

ಮುಂದಿನ ಭಾನುವಾರ ಅವರ ಖೋಲಿಗೆ ಹೋಗಿ, ಹುಡುಗನನ್ನೂ ಹತ್ತಿರ ಕೂರಿಸಿಕೊಂಡು ಪೆಟ್ಟಿಗೆಯ ಪಕ್ಕದ ಫಲಕವನ್ನು ಬಿಚ್ಚಿದೆವು. 'ಐ7' ಎಂಬುದೇನೋ ಸುಳ್ಳಾಗಿರಲಿಲ್ಲ. ಅದು ಇಂಟೆಲ್ಲಿನ ಐ7-3770, 2012ರಲ್ಲಿ ಮಾರುಕಟ್ಟೆಗೆ ಬಂದದ್ದು. '4 ಜಿಬಿ ಗ್ರಾಫಿಕ್ಸ್' ಎಂಬುದೂ ಸುಳ್ಳಲ್ಲ. 2014ರ ಜಿಟಿ 730 ಎಂಬ ಕಾರ್ಡು ಅಲ್ಲಿತ್ತು. ಇಷ್ಟು ಹಳೆಯ ಪ್ರೊಸೆಸರಿಗೆ ಸಲ್ಲದ ವಿಂಡೋಸ್ 11ನ್ನು ಅಂಗಡಿಯವನು ಹೇಗೋ ಅದರಲ್ಲಿ ಕೂರಿಸಿದ್ದ. ಹುಡುಗನಿಗೆ ಬೇಕಾದ ಆಟ ವ್ಯಾಲೊರೆಂಟ್. ಅದು ವಿಂಡೋಸ್ 11ರ ಮೇಲೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಕಾವಲುಗಳಿಲ್ಲದೆ ಬಾಗಿಲು ತೆರೆಯುವುದೇ ಇಲ್ಲ. ಚೀಟಿಯಲ್ಲಿ ಬರೆದದ್ದೆಲ್ಲ ನಿಜ, ಆದರೂ 38,000 ರೂಪಾಯಿ ನೀರಿಗೆ ಹೋದಂತೆಯೇ. ಈ ಪ್ರಸಂಗವೇ ಈ ಪಾಠಕ್ಕೆ ಕಾರಣ.

ಆಟಕ್ಕೆ ಇಷ್ಟು ಹಣವೇ ಎಂದು ಹುಬ್ಬೇರಿಸುವ ಹಿರಿಯರು ನಮ್ಮ ವಾಚಕರಲ್ಲಿ ಇದ್ದೇ ಇದ್ದಾರೆ. ಅವರೊಡನೆ ವಾದಕ್ಕೆ ನಿಲ್ಲುವುದು ನಮ್ಮ ಉದ್ದೇಶವಲ್ಲ. ಆಟಕ್ಕೆ ಒಗ್ಗುವ ಯಂತ್ರದಲ್ಲಿ ಲೆಕ್ಕ, ಚಿತ್ರ, ಪ್ರೋಗ್ರಾಮ್ ಬರೆಯುವುದು ಎಲ್ಲವೂ ಸಲೀಸಾಗಿ ನಡೆಯುತ್ತವೆ ಎಂದಷ್ಟು ಹೇಳಿ ಮುಂದುವರಿಯುತ್ತೇವೆ. ಕೊಳ್ಳುವುದು ಬಿಡುವುದು ಅವರವರ ಮನೆಯ ಮಾತು. ಕೊಳ್ಳುವುದೇ ಆದರೆ ಮೋಸಹೋಗಬಾರದು.

ಮೊದಲಿಗೆ ನಿಶ್ಚಯಿಸಬೇಕಾದದ್ದು ಪ್ರೊಸೆಸರೂ ಅಲ್ಲ, ಕಾರ್ಡೂ ಅಲ್ಲ. ಯಾವ ಆಟ, ಎಂಥ ಪರದೆ ಎಂಬುದು ಮೊದಲು. ಈಗ ಸಾಮಾನ್ಯವಾದ ಮಾನಿಟರಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರುತ್ತವೆ, ಗುಣಿಸಿದರೆ 20,73,600. ಸೆಕೆಂಡಿಗೆ 60 ಚಿತ್ರ ಮೂಡಬೇಕಾದರೆ ಯಂತ್ರವು 12 ಕೋಟಿ 44 ಲಕ್ಷಕ್ಕೂ ಮೇಲ್ಪಟ್ಟು ಚುಕ್ಕೆಗಳಿಗೆ ಪ್ರತಿ ಸೆಕೆಂಡಿನಲ್ಲೂ ಬಣ್ಣ ಹಚ್ಚಬೇಕು. '4ಕೆ' ಎಂಬ ಪರದೆಯಲ್ಲಿ ಈ ಕೆಲಸ ಸರಿಯಾಗಿ ನಾಲ್ಕು ಪಟ್ಟು. ನಮ್ಮಂಥವರು 1080ರ ಪರದೆಯನ್ನೇ ನೆಚ್ಚಿಕೊಂಡರೆ ಉಳಿದ ಭಾಗಗಳೆಲ್ಲ ಕೈಗೆಟಕುತ್ತವೆ. ಆ ಗೆರೆಯನ್ನು ದಾಟಿದರೆ ಮಿತ ಹಣ ಎಂಬ ಮಾತನ್ನೇ ಬಿಡಬೇಕಾಗುತ್ತದೆ. ಮನೆಯಲ್ಲಿ ಎಚ್‌ಡಿಎಂಐ ಕಿಂಡಿಯಿರುವ ಟೆಲಿವಿಷನ್ ಇದ್ದರೆ ಮೊದಲ ವರ್ಷ ಅದನ್ನೇ ಪರದೆಯಾಗಿ ಬಳಸಬಹುದು. ಮಾನಿಟರಿನ ಹಣ ಉಳಿಯಿತು. ಧಾರಾವಾಹಿಯ ಹೊತ್ತಿಗೆ ಮನೆಯಲ್ಲಿ ಜಗಳವಾದರೆ ಅದಕ್ಕೆ ನಾವು ಹೊಣೆಯಲ್ಲ.

ಇನ್ನು ಯಂತ್ರದೊಳಗೆ ಕೆಲಸ ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನು ನೋಡೋಣ. ಗಿರಣಿಯಲ್ಲಿ ನೂಲುವ ಖಾತೆ, ನೇಯುವ ಖಾತೆ ಎಂದು ಎರಡಿವೆಯಲ್ಲವೆ? ಪ್ರೊಸೆಸರು ನೂಲುವ ಖಾತೆ. ಆಟದೊಳಗೆ ಯಾರು ಎಲ್ಲಿದ್ದಾರೆ, ಗುಂಡು ಎತ್ತ ಹೋಯಿತು, ಗೋಡೆ ಎಲ್ಲಿದೆ ಎಂಬ ಲೆಕ್ಕವನ್ನು ಮಾಡಿ ಅದು ನೂಲನ್ನು ಒದಗಿಸುತ್ತದೆ. ಗ್ರಾಫಿಕ್ಸ್ ಕಾರ್ಡು ನೇಯುವ ಖಾತೆ. ಆ ನೂಲಿನಿಂದ ಪರದೆಯ ಚಿತ್ರವನ್ನು ಚುಕ್ಕೆಚುಕ್ಕೆಯಾಗಿ ನೇಯುವುದು ಅದರ ಕೆಲಸ. ನೂಲು ಸಾಲದಿದ್ದರೆ ಮಗ್ಗ ಸುಮ್ಮನೆ ನಿಲ್ಲುತ್ತದೆ. ಮಗ್ಗ ಸಾಲದಿದ್ದರೆ ನೂಲಿನ ಪೇಟಿಗಳು ರಾಶಿ ಬೀಳುತ್ತವೆ. ಎರಡೂ ಹೊಂದಬೇಕು. ಆದರೆ ಆಟದ ಮಟ್ಟಿಗೆ ಹೇಳುವುದಾದರೆ ನೇಯ್ಗೆಯ ಭಾರವೇ ಬಹುಪಾಲು ಹೆಚ್ಚು. ಅಂಗಡಿಯ ಚೀಟಿಗಳಲ್ಲಾದರೋ ಪ್ರೊಸೆಸರಿನ ಹೆಸರು ಮೊದಲು, ದಪ್ಪಕ್ಷರದಲ್ಲಿ. ಕಾರ್ಡಿನ ಹೆಸರೇ ಇರುವುದಿಲ್ಲ, 'ನಾಲ್ಕು ಜಿಬಿ' ಎಂಬ ಅಳತೆ ಮಾತ್ರ. ಮೋಸ ಇರುವುದು ಇಲ್ಲಿಯೇ.

ಹಣದ ಹಂಚಿಕೆಯನ್ನು ನಾವು ಆಣೆಯ ಲೆಕ್ಕದಲ್ಲಿ ಹೇಳುತ್ತೇವೆ. ಆಣೆ 1957ರಲ್ಲೇ ಚಲಾವಣೆಯ ಲೆಕ್ಕದಿಂದ ಹೋಯಿತು. ಆದರೂ ಹದಿನಾರಾಣೆ ಎಂದರೆ ನಮ್ಮವರಿಗೆ ಇಂದಿಗೂ ತಿಳಿಯುತ್ತದೆ. ಪರದೆ, ಕೀಲಿಮಣೆ ಇತ್ಯಾದಿಗಳನ್ನು ಬಿಟ್ಟು ಪೆಟ್ಟಿಗೆಯ ಒಳಗಿನದ್ದೆಲ್ಲ ಸೇರಿ ಹದಿನಾರಾಣೆ ಎಂದಿಟ್ಟುಕೊಳ್ಳಿ. ಅದರಲ್ಲಿ ಆರಾಣೆ ಗ್ರಾಫಿಕ್ಸ್ ಕಾರ್ಡಿಗೆ, ಮೂರಾಣೆ ಪ್ರೊಸೆಸರಿಗೆ, ಎರಡಾಣೆ ಮದರ್‌ಬೋರ್ಡಿಗೆ, ಎರಡಾಣೆ ರ‍್ಯಾಮಿಗೆ, ಒಂದಾಣೆ ಎಸ್‌ಎಸ್‌ಡಿಗೆ, ಒಂದೂಕಾಲು ಆಣೆ ಎಸ್‌ಎಂಪಿಎಸ್ಸಿಗೆ, ಉಳಿದ ಮುಕ್ಕಾಲು ಆಣೆ ಕ್ಯಾಬಿನೆಟ್ಟಿಗೆ. ಒಟ್ಟು 50,000 ರೂಪಾಯಿ ಇದ್ದರೆ ಆಣೆಗೆ 3,125 ರೂಪಾಯಿ ಬೀಳುತ್ತದೆ. ಕಾರ್ಡಿಗೆ 18,750, ಪ್ರೊಸೆಸರಿಗೆ 9,375. ಕಾಲಾಣೆ ಅತ್ತಿತ್ತ ಆದರೆ ಚಿಂತೆಯಿಲ್ಲ. ಆದರೆ ಕೊಟೇಶನ್ ತಂದ ದಿನ ಈ ಲೆಕ್ಕವನ್ನು ಅದರ ಪಕ್ಕದಲ್ಲಿ ಬರೆದು ನೋಡಿ. ಕಾರ್ಡಿಗೆ ಎರಡಾಣೆ, ಕ್ಯಾಬಿನೆಟ್ಟಿಗೆ ಎರಡಾಣೆ ಎಂದಿದ್ದರೆ ಆ ಕಾಗದವನ್ನು ಮಡಚಿ ಜೇಬಿಗಿಟ್ಟು ಮುಂದಿನ ಅಂಗಡಿಗೆ ನಡೆಯಿರಿ. ಒಂದೊಂದು ಭಾಗದ ಬೆಲೆಯನ್ನು ನಾವಿಲ್ಲಿ ಬರೆಯಲು ಹೋಗುವುದಿಲ್ಲ. ಅದು ವಾರವಾರಕ್ಕೆ ಬದಲಾಗುವಂಥದು, ಕೇಳಿಯೇ ತಿಳಿಯಬೇಕು.

ಕಾರ್ಡಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾರ್ಡಿನ ಮೇಲಿರುವ ಜಿಬಿ ಎಂದರೆ ಗೋದಾಮಿನ ಅಳತೆ. ಗೋದಾಮು ದೊಡ್ಡದಾಗಿದ್ದು ಬಾಗಿಲು ಕಿರಿದಾಗಿದ್ದರೆ ಗಾಡಿಗಳು ಹೊರಗೇ ಸಾಲುಗಟ್ಟಿ ನಿಲ್ಲುತ್ತವೆಯಷ್ಟೆ. ನಮ್ಮ ಸದಸ್ಯರಿಗೆ ಸಿಕ್ಕ ಜಿಟಿ 730ರ ಡಿಡಿಆರ್3, 64 ಬಿಟ್ ರೂಪದಲ್ಲಿ ಸೆಕೆಂಡಿಗೆ 14.4 ಜಿಬಿ ಮಾತ್ರ ಬಾಗಿಲು ದಾಟುತ್ತದೆ. 2021ರಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 6600ರಲ್ಲಿ ಅದೇ ಲೆಕ್ಕ 224 ಜಿಬಿ, ಹದಿನೈದು ಪಟ್ಟಿಗಿಂತಲೂ ಹೆಚ್ಚು. ಜೊತೆಗೆ ಅದರ ಗೋದಾಮೂ 8 ಜಿಬಿ. ಹಳೆಯ ಕೆಪ್ಲರ್ ಪೀಳಿಗೆಯ ಕಾರ್ಡುಗಳಿಗೆ ಹೊಸ ಆಟಗಳ ಡ್ರೈವರನ್ನು ಎನ್ವಿಡಿಯಾ ಕಂಪನಿ 2021ರಲ್ಲೇ ನಿಲ್ಲಿಸಿತು. ಆದಕಾರಣ 'ಎಷ್ಟು ಜಿಬಿ' ಎಂದು ಮೊದಲು ಕೇಳಬೇಡಿ. 'ಯಾವ ಕಾರ್ಡು, ಪೂರ್ತಿ ಹೆಸರು ಬರೆದುಕೊಡಿ' ಎಂದು ಕೇಳಿ.

ಪೂರ್ತಿ ಹೆಸರು ಎಂದು ಒತ್ತಿ ಹೇಳುವುದಕ್ಕೂ ಕಾರಣವುಂಟು. ಆರ್‌ಟಿಎಕ್ಸ್ 3050 ಎಂಬ ಒಂದೇ ಹೆಸರಿನಲ್ಲಿ 2022ರಲ್ಲಿ ಬಂದ 8 ಜಿಬಿಯ ಕಾರ್ಡೊಂದಿದೆ, 2024ರಲ್ಲಿ ಬಂದ 6 ಜಿಬಿಯ ಕಾರ್ಡೊಂದಿದೆ. ಎರಡನೆಯದರಲ್ಲಿ ಕಡಿಮೆಯಾದದ್ದು ಬರಿಯ 2 ಜಿಬಿ ಎಂದು ತಿಳಿದರೆ ತಪ್ಪು. ಒಳಗಿನ ಕೆಲಸಗಾರರು, ಎಂದರೆ ಕೋರುಗಳು, 2560ರಿಂದ 2304ಕ್ಕೆ ಇಳಿದಿವೆ. ಬಾಗಿಲು 128 ಬಿಟ್ಟಿನಿಂದ 96ಕ್ಕೆ ಕಿರಿದಾಗಿದೆ. ಅಣ್ಣ ತಮ್ಮಂದಿರಿಗೆ ಒಂದೇ ಹೆಸರಿಟ್ಟಂತೆ. ಹಾಗೆಂದು ತಮ್ಮ ನಿರುಪಯೋಗಿಯಲ್ಲ. ಅವನ ಮಾತು ಮುಂದೆ ಬರುತ್ತದೆ.

1080ರ ಪರದೆಯಲ್ಲಿ, ಚಿತ್ರದ ಸೊಗಸನ್ನು ನಡುಮಟ್ಟಕ್ಕಿಟ್ಟು, ಸೆಕೆಂಡಿಗೆ 60 ಚಿತ್ರ ಬೇಕೆನ್ನುವವರಿಗೆ ಆರ್‌ಎಕ್ಸ್ 6600 ಬಹಳ ಆಟಗಳಲ್ಲಿ ಸಾಕಾಗುತ್ತದೆ. ಸ್ವಲ್ಪ ಹೆಚ್ಚು ಕೂಡಿಸಬಲ್ಲವರು 2023ರ ಆರ್‌ಎಕ್ಸ್ 7600, ಆರ್‌ಟಿಎಕ್ಸ್ 4060, ಅಥವಾ 2024ರ ಡಿಸೆಂಬರಿನಲ್ಲಿ ಬಂದ ಇಂಟೆಲ್ಲಿನ ಆರ್ಕ್ ಬಿ580 ಇವುಗಳ ಬೆಲೆಯನ್ನೂ ಕೇಳಿ ನೋಡಬಹುದು. ಕಡೆಯದರಲ್ಲಿ 12 ಜಿಬಿ ಇದೆ. ಆದರೆ ಅದನ್ನು ತೀರ ಹಳೆಯ ಪ್ರೊಸೆಸರಿನೊಡನೆ ಕಟ್ಟಬಾರದು. ನೂಲು ನಿಧಾನವಾದರೆ ಆ ಮಗ್ಗ ಮಿಕ್ಕವುಗಳಿಗಿಂತ ಬೇಗ ಮುನಿಸಿಕೊಳ್ಳುತ್ತದೆ.

ಪ್ರೊಸೆಸರಿನಲ್ಲಿ ಆರು ಕೋರು, ಹನ್ನೆರಡು ಥ್ರೆಡ್ಡು ಇದ್ದರೆ ಈ ಮಟ್ಟದ ಆಟಕ್ಕೆ ಧಾರಾಳ. ಎಎಂಡಿಯ ರೈಜೆನ್ 5 5600, ಇಂಟೆಲ್ಲಿನ ಐ5-12400ಎಫ್ ಎರಡೂ 2022ರವು, ಎರಡೂ ಈ ಅಳತೆಯವು. ಐ3, ಐ5, ಐ7 ಎಂಬುದು ಮನೆತನದ ಹೆಸರು ಮಾತ್ರ. ಹುಟ್ಟಿದ ವರ್ಷವನ್ನು ಅದು ಹೇಳುವುದಿಲ್ಲ. ಗೆರೆಯ ಮುಂದಿನ ಅಂಕಿಗಳು ಹೇಳುತ್ತವೆ: 3770 ಎಂದರೆ ಮೂರನೆಯ ಪೀಳಿಗೆ, 12400 ಎಂದರೆ ಹನ್ನೆರಡನೆಯದು. 2012ರ ಐ7ಗಿಂತ 2022ರ ಐ3-12100ಎಫ್ ಆಟದಲ್ಲಿ ಎಷ್ಟೋ ಮುಂದೆ. ಹಾಗೆಯೇ ರೈಜೆನ್ 5 5500 ಮತ್ತು 5600ರ ನಡುವೆ ನೂರು ಅಂಕಿಯ ಭೇದವಷ್ಟೇ ಕಂಡರೂ, ಮೊದಲನೆಯದರ ಕ್ಯಾಶ್ ಎಂಬ ಒಳಗಿನ ಕೈನೆನಪು 16 ಎಂಬಿ, ಎರಡನೆಯದರದು 32. ಆಟಗಳಲ್ಲಿ ಇದು ಎದ್ದುಕಾಣುತ್ತದೆ.

ಇಂಟೆಲ್ಲಿನ ಹೆಸರಿನ ಕೊನೆಗೆ ಬರುವ 'ಎಫ್' ಅಕ್ಷರವನ್ನು ಗಮನಿಸಿ. ಅದಿದ್ದರೆ ಪ್ರೊಸೆಸರಿನೊಳಗೆ ಚಿತ್ರ ಮೂಡಿಸುವ ಭಾಗ ಇಲ್ಲ ಎಂದರ್ಥ. ಬೇರೆ ಕಾರ್ಡು ಹಾಕುವ ತನಕ ಪರದೆ ಕಪ್ಪಾಗಿಯೇ ಇರುತ್ತದೆ. ರೈಜೆನ್ 5600ರ ಮಟ್ಟಿಗೂ ಇದೇ ಮಾತು. 'ಕಾರ್ಡು ಮುಂದಿನ ತಿಂಗಳು ತೆಗೆದುಕೊಳ್ಳೋಣ' ಎಂದು ಇವನ್ನು ತಂದವರು ಆ ತಿಂಗಳೆಲ್ಲ ಪೆಟ್ಟಿಗೆಯನ್ನು ನೋಡುತ್ತ ಕೂರಬೇಕಾಗುತ್ತದೆ.

ಮದರ್‌ಬೋರ್ಡು ಪ್ರೊಸೆಸರಿಗೆ ಹೊಂದುವುದೇ ಆಗಬೇಕು. 5600ಕ್ಕೆ ಎಎಂ4 ಕೂಟ, 12400ಎಫ್‌ಗೆ ಎಲ್‌ಜಿಎ 1700. ಎಎಂ4 ಹಳೆಯ ಓಣಿ. ಅಗ್ಗವುಂಟು, ಆದರೆ ಮುಂದೆ ದೊಡ್ಡ ಏರಿಕೆಗೆ ಎಡೆಯಿಲ್ಲ. ಎಎಂ5 ಹೊಸ ಬೀದಿ. ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು. 2027ರವರೆಗಾದರೂ ಆ ಕೂಟಕ್ಕೆ ಹೊಸ ಪ್ರೊಸೆಸರುಗಳನ್ನು ತರುವುದಾಗಿ ಎಎಂಡಿ 2024ರಲ್ಲಿ ಹೇಳಿದೆ. ಐದಾರು ವರ್ಷ ಮತ್ತೆ ಕೈಹಾಕಲಾರೆವು ಎನ್ನುವವರು ಎಎಂ4ನ್ನು ಸಂಕೋಚವಿಲ್ಲದೆ ಕೊಳ್ಳಬಹುದು. ಎರಡೆರಡು ವರ್ಷಕ್ಕೆ ಒಂದೊಂದು ಭಾಗ ಬದಲಿಸುವ ಯೋಚನೆಯಿದ್ದವರಿಗೆ ಎಎಂ5 ಲೇಸು. ಎಎಂ4ನ ಹಳೆಯ ಬೋರ್ಡುಗಳಿಗೆ 5600 ಹಾಕುವ ಮುನ್ನ ಬಯಾಸ್ ಎಂಬ ಒಳಗಿನ ತಂತ್ರಾಂಶವನ್ನು ಹೊಸದಾಗಿಸಬೇಕಾದೀತು. ಅಂಗಡಿಯಲ್ಲೇ ಮಾಡಿಸಿಕೊಂಡು, ಯಂತ್ರ ಎದ್ದುನಿಲ್ಲುವುದನ್ನು ಕಣ್ಣಾರೆ ನೋಡಿ ಬನ್ನಿ.

ರ‍್ಯಾಮ್ 16 ಜಿಬಿ ಇರಲಿ, ಅದೂ 8 ಜಿಬಿಯ ಎರಡು ಪಟ್ಟಿಗಳಾಗಿ. 16ರ ಒಂದೇ ಪಟ್ಟಿ ಹಾಕಿದರೆ ಎರಡು ಹಾದಿಗಳಲ್ಲಿ ಒಂದನ್ನು ಮುಚ್ಚಿದಂತೆ. ಡಿಡಿಆರ್4-3200ರ ಒಂದು ಹಾದಿಯಲ್ಲಿ ಸೆಕೆಂಡಿಗೆ 25.6 ಜಿಬಿ, ಎರಡರಲ್ಲಿ 51.2. ಇನ್ನೊಂದು ಮಾತು: ಕೊಂಡ ವೇಗ ತಾನಾಗಿ ಬರುವುದಿಲ್ಲ. ಬಯಾಸಿನಲ್ಲಿ ಎಕ್ಸ್‌ಎಂಪಿ ಎಂಬ ಗುಂಡಿಯನ್ನು ತೆರೆಯದಿದ್ದರೆ 3200ರ ಪಟ್ಟಿಯೂ ಸಾಮಾನ್ಯವಾಗಿ ಅದಕ್ಕಿಂತ ಕೆಳಗಿನ ವೇಗದಲ್ಲೇ ಓಡುತ್ತಿರುತ್ತದೆ.

2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮಿನ ಬೆಲೆ ಒಮ್ಮೆಲೆ ಏರಿದ್ದು ಅನೇಕರ ಲೆಕ್ಕವನ್ನು ಕೆಡಿಸಿತು. ಕೃತಕ ಬುದ್ಧಿಯ ಯಂತ್ರಶಾಲೆಗಳನ್ನು ಕಟ್ಟುವ ದೊಡ್ಡ ಕಂಪನಿಗಳು ಮೆಮೊರಿ ಚಿಪ್ಪುಗಳನ್ನು ಸಗಟಾಗಿ ಎತ್ತಿಕೊಂಡದ್ದೇ ಇದಕ್ಕೆ ಮುಖ್ಯ ಕಾರಣ. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂವರೇ ಈ ವ್ಯಾಪಾರದ ಬಹುಭಾಗವನ್ನು ಹಿಡಿದಿದ್ದಾರೆ. ಸಾಮಾನ್ಯ ಗಿರಾಕಿಗೆ ಕ್ರೂಶಿಯಲ್ ಎಂಬ ಹೆಸರಿನಲ್ಲಿ ಮಾರುತ್ತಿದ್ದ ಸರಕನ್ನು ನಿಲ್ಲಿಸುವುದಾಗಿ ಮೈಕ್ರಾನ್ 2025ರ ಡಿಸೆಂಬರಿನಲ್ಲಿ ಸಾರಿತು. ದೊಡ್ಡ ಖರೀದಿದಾರ ಹತ್ತಿಯನ್ನೆಲ್ಲ ಎತ್ತಿದ ವರ್ಷ ಸಣ್ಣ ಗಿರಣಿಗೆ ಬರುವ ಸಂಕಟವೇ ಇದು. ಇಂಥ ಕಾಲದಲ್ಲಿ ನಮ್ಮ ಎರಡಾಣೆ ಸಾಲದೆ ಹೋಗಬಹುದು. ಆಗ ಕಾರ್ಡಿನಿಂದ ಕಸಿಯುವುದಕ್ಕಿಂತ, ಒಳ್ಳೆಯ ಕಂಪನಿಯ ಬಳಸಿದ ಡಿಡಿಆರ್4 ಪಟ್ಟಿಗಳನ್ನು ಪರೀಕ್ಷಿಸಿ ಕೊಳ್ಳುವುದು ಮೇಲು. ರ‍್ಯಾಮಿಗೆ ತಿರುಗುವ ಭಾಗವಿಲ್ಲ, ಬೇಗ ಸವೆಯುವಂಥದೂ ಅಲ್ಲ.

ಎಸ್‌ಎಸ್‌ಡಿಯ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಕೆಲವು ಆಟಗಳೇ ನೂರು ಜಿಬಿ ದಾಟುತ್ತವೆ, ಆದ್ದರಿಂದ 500 ಜಿಬಿಗಿಂತ ಕೆಳಗಿಳಿಯಬೇಡಿ. ಹಳೆಯ ತಿರುಗುವ ಹಾರ್ಡ್ ಡಿಸ್ಕಿದ್ದರೆ ಅದು ಫೋಟೋ, ಸಿನಿಮಾ ಇಡಲು ಇರಲಿ.

ಈಗ ಎಸ್‌ಎಂಪಿಎಸ್. ಗೋಡೆಯ ವಿದ್ಯುತ್ತನ್ನು ಒಳಗಿನ ಭಾಗಗಳಿಗೆ ಒಗ್ಗುವಂತೆ ಮಾಡಿಕೊಡುವ ಈ ತಗಡಿನ ಡಬ್ಬಿಯನ್ನು ಅಂಗಡಿಯವನೂ ಹೊಗಳುವುದಿಲ್ಲ, ಗಿರಾಕಿಯೂ ಕೇಳುವುದಿಲ್ಲ. ಕ್ಯಾಬಿನೆಟ್ಟಿನೊಡನೆ 'ಪುಕ್ಕಟೆ' ಬರುವುದೂ ಉಂಟು. ಉಳಿದ ಯಾವ ಭಾಗ ಕಳಪೆಯಾದರೂ ಆಟ ನಿಧಾನವಾದೀತು, ಅಷ್ಟೆ. ಇದು ಕಳಪೆಯಾದರೆ ಸಾಯುವಾಗ ಜೊತೆಗೆ ಕಾರ್ಡನ್ನೂ ಬೋರ್ಡನ್ನೂ ಕರೆದುಕೊಂಡು ಹೋಗಬಹುದು. ಲೆಕ್ಕವನ್ನು ನಾವೇ ಮಾಡಬಹುದು: ಆರ್‌ಎಕ್ಸ್ 6600ಕ್ಕೆ 132 ವಾಟ್, ರೈಜೆನ್ 5600ಕ್ಕೆ ಹೆಚ್ಚೆಂದರೆ 88, ಬೋರ್ಡು, ರ‍್ಯಾಮ್, ಪಂಖಗಳಿಗೆಲ್ಲ ಸೇರಿ ಐವತ್ತರ ಆಸುಪಾಸು, ಒಟ್ಟು 270. ಕಾರ್ಡು ಕ್ಷಣಮಾತ್ರ ಇದಕ್ಕಿಂತ ಹೆಚ್ಚು ಎಳೆಯುವುದುಂಟು. ಆದುದರಿಂದ ಹೆಸರುಳ್ಳ ಕಂಪನಿಯ 450 ಅಥವಾ 550 ವಾಟಿನದು ಸಾಕು. ಸಾವಿರ ವಾಟು ಬೇಡ.

ಆದರೆ ವಾಟ್ ಎಂಬ ದೊಡ್ಡ ಅಂಕಿಯನ್ನು ಮಾತ್ರ ನೋಡಿ ನಂಬಬೇಡಿ. ಡಬ್ಬಿಯ ಮೇಲೆ ಅಂಟಿಸಿದ ಪಟ್ಟಿಯಲ್ಲಿ '12 ವೋಲ್ಟ್' ಎಂಬ ಅಂಕಣವನ್ನು ಹುಡುಕಿ. ಕಾರ್ಡು, ಪ್ರೊಸೆಸರು ಎರಡೂ ಉಣ್ಣುವುದು ಆ ಸಾಲಿನಿಂದಲೇ. ನಮ್ಮ ಸದಸ್ಯರ ಯಂತ್ರದಲ್ಲಿದ್ದ ಡಬ್ಬಿಯ ನೆತ್ತಿಯ ಮೇಲೆ 450 ವಾಟ್ ಎಂದಿತ್ತು. ಅಂಕಣದಲ್ಲಿ 12 ವೋಲ್ಟಿಗೆ 16 ಆಂಪಿಯರ್. ಗುಣಿಸಿದರೆ 192 ವಾಟ್. ಒಳ್ಳೆಯ 450ರಲ್ಲಿ ಈ ಸಾಲೊಂದೇ 400 ವಾಟಿನ ಆಸುಪಾಸು ಕೊಡುತ್ತದೆ. ಹುಡುಗನು ಅಂಗಡಿಯವನ ಮಾತು ಕೇಳಿ ಆ ಡಬ್ಬಿಗೇ ಹೊಸ ಕಾರ್ಡು ಸಿಕ್ಕಿಸಿದ್ದರೆ ಏನಾಗುತ್ತಿತ್ತೆಂದು ಬೇರೆ ಹೇಳಬೇಕಾಗಿಲ್ಲ. '80 ಪ್ಲಸ್' ಎಂಬ ಮುದ್ರೆ ವಿದ್ಯುತ್ತು ಎಷ್ಟು ಪೋಲಾಗುತ್ತದೆ ಎಂಬುದನ್ನು ಹೇಳುತ್ತದೆ. ಒಳಗಿನ ರಕ್ಷಣೆಯ ಬಗೆಗೆ ಅದು ಜಾಮೀನಲ್ಲ, ಆದರೂ ಅದಿಲ್ಲದ ಡಬ್ಬಿಗಿಂತ ಇದ್ದದ್ದು ವಾಸಿ. ಕಾರ್ಡಿಗೆ ಬೇಕಾದ 8 ಪಿನ್ನಿನ ತಂತಿ ಡಬ್ಬಿಯಿಂದಲೇ ಬರುತ್ತದೆಯೇ ಎಂದೂ ನೋಡಿ. ಜೋಡಣೆಯ ತುಂಡುಗಳಿಂದ ಕೆಲಸ ಸಾಗಿಸಬೇಡಿ. ಚಾಳಿನ ಹಳೆಯ ಖೋಲಿಗಳಲ್ಲಿ ಮೂರು ಪಿನ್ನಿನ ಪ್ಲಗ್ಗಿದ್ದರೂ ಅರ್ಥಿಂಗ್ ಇರುವುದಿಲ್ಲ. ಯಂತ್ರ ತರುವ ಮುನ್ನ ವಯರ್‌ಮನ್‌ನಿಂದ ಅದನ್ನು ನೋಡಿಸಿಕೊಳ್ಳಿ.

ಕ್ಯಾಬಿನೆಟ್ಟಿಗೆ ಮುಂಭಾಗದಲ್ಲಿ ಗಾಜಿಗಿಂತ ಜಾಲರಿ ಇರಲಿ, ಎರಡು ಪಂಖಗಳಿರಲಿ. ಮೇ ತಿಂಗಳಲ್ಲಿ ಮುಂಬಯಿ, ಚೆನ್ನೈಗಳ ಖೋಲಿಯಲ್ಲಿ ಮನುಷ್ಯನೇ ಬೇಯುತ್ತಾನೆ. ಗಾಜಿನ ಪೆಟ್ಟಿಗೆಯೊಳಗಿನ ಯಂತ್ರದ ಪಾಡೇನು?

ಹದಿನಾರಾಣೆಯನ್ನೂ ಒಮ್ಮೆಲೆ ಕೂಡಿಸಲಾಗದವರಿಗೆ ಒಂದು ದಾರಿಯಿದೆ, ನಮಗಂತೂ ಅದೇ ಹೆಚ್ಚು ಮೆಚ್ಚಿಗೆ. ಕಾರ್ಡನ್ನು ಬಿಟ್ಟು, ಚಿತ್ರದ ಭಾಗ ಒಳಗೇ ಇರುವ ಪ್ರೊಸೆಸರಿನಿಂದ ಆರಂಭಿಸುವುದು. ಎಎಂ4ನಲ್ಲಿ ರೈಜೆನ್ 5 5600ಜಿ, ಎಎಂ5ನಲ್ಲಿ 8600ಜಿ ಇಂಥವು. ವ್ಯಾಲೊರೆಂಟ್‌ನಂಥ ಹಗುರ ಆಟಗಳು 5600ಜಿಯಲ್ಲೇ 1080ರ ಪರದೆಯಲ್ಲಿ ಚೆನ್ನಾಗಿ ಓಡುತ್ತವೆ. ಜಿಟಿಎ 5 ಕೂಡ ಸೊಗಸು ತಗ್ಗಿಸಿದರೆ ಆಡುವಂತಿರುತ್ತದೆ. ಭಾರದ ಹೊಸ ಆಟಗಳ ಆಸೆಯನ್ನು ಮಾತ್ರ ಸದ್ಯಕ್ಕೆ ಬಿಡಬೇಕು. ಇಲ್ಲಿ ಎರಡು ಪಟ್ಟಿಯ ರ‍್ಯಾಮ್ ಕಡ್ಡಾಯ, ಏಕೆಂದರೆ ಒಳಗಿನ ಚಿತ್ರದ ಭಾಗಕ್ಕೆ ಸ್ವಂತ ಗೋದಾಮಿಲ್ಲ. ಅದು ರ‍್ಯಾಮಿನಿಂದಲೇ ಎರವಲು ಪಡೆಯುತ್ತದೆ. ಎಸ್‌ಎಂಪಿಎಸ್ಸನ್ನು ಮಾತ್ರ ಮೊದಲ ದಿನವೇ ಮುಂದಿನ ಕಾರ್ಡಿನ ಲೆಕ್ಕ ಹಿಡಿದು ಕೊಳ್ಳಬೇಕು. ವರ್ಷ ಕಳೆದು ಕಾರ್ಡಿನ ಹಣ ಕೂಡಿದಾಗ ಅದನ್ನು ಸಿಕ್ಕಿಸಿದರಾಯಿತು. ಹಿಂದೆ ಕೊಂಡದ್ದು ಯಾವುದೂ ಮೂಲೆಗೆ ಹೋಗುವುದಿಲ್ಲ.

ಇನ್ನೊಂದು ದಾರಿ, ಕಚೇರಿಗಳು ಮಾರಿದ ಹಳೆಯ ಯಂತ್ರ. 2018ರ ಐ5-8500ರಂಥ ಎಂಟನೆಯ ಪೀಳಿಗೆಯದನ್ನು ನೋಡಿ, ಅದಕ್ಕಿಂತ ಹಿಂದಿನದು ಬೇಡ; ಇಂಟೆಲ್ಲಿನಲ್ಲಿ ವಿಂಡೋಸ್ 11 ಒಪ್ಪುವುದು ಸಾಮಾನ್ಯವಾಗಿ ಅಲ್ಲಿಂದ ಮುಂದಕ್ಕೆ. ವಿಂಡೋಸ್ 10ರ ಸಾಮಾನ್ಯ ಪೋಷಣೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಥ ಯಂತ್ರಗಳ ಎಸ್‌ಎಂಪಿಎಸ್ ಚಿಕ್ಕದು, ಕಾರ್ಡಿಗೆ ಬೇರೆ ತಂತಿಯೂ ಇರುವುದಿಲ್ಲ. ಹಿಂದೆ ಹೇಳಿದ ತಮ್ಮ, 6 ಜಿಬಿಯ ಆರ್‌ಟಿಎಕ್ಸ್ 3050, ಉಪಯೋಗಕ್ಕೆ ಬರುವುದು ಇಲ್ಲಿಯೇ. ಅವನಿಗೆ 70 ವಾಟ್ ಸಾಕು, ಬೋರ್ಡಿನ ಕಿಂಡಿಯೇ 75 ಕೊಡಬಲ್ಲದು. ಪೆಟ್ಟಿಗೆ ಸಣ್ಣದಾಗಿದ್ದರೆ ಗಿಡ್ಡ ಕಾರ್ಡೇ ಬೇಕು; ಅಳತೆಪಟ್ಟಿ ಹಿಡಿದು ನೋಡಿಯೇ ಕೊಳ್ಳಿ.

ಬಳಸಿದ ಕಾರ್ಡು ಕೊಳ್ಳುವವರಿಗೆ ಒಂದೆರಡು ಮಾತು. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಎಂಬ ನಾಣ್ಯದ ಪದ್ಧತಿ ಬದಲಾದ ಮೇಲೆ, ಅದುವರೆಗೆ ಹಗಲಿರುಳು ಆ ನಾಣ್ಯದ ಗಣಿಯಲ್ಲಿ ದುಡಿದ ಕಾರ್ಡುಗಳು ಸಂತೆಗೆ ಬಂದವು. ಹಾಗೆ ದುಡಿದ ಮಾತ್ರಕ್ಕೆ ಕಾರ್ಡು ಕೆಟ್ಟಿದೆ ಎನ್ನಲಾಗದು. ಆದರೆ ಮಾರುವವನ ಮನೆಯಲ್ಲೇ ಅರ್ಧ ಗಂಟೆ ಭಾರದ ಆಟ ಓಡಿಸಿ ನೋಡಿ. ಪಂಖ ಕರಕರ ಎಂದರೆ, ಪರದೆಯಲ್ಲಿ ಚೌಕಗಳು, ಗೆರೆಗಳು ಮಿಂಚಿದರೆ ನಮಸ್ಕಾರ ಹೇಳಿ ಬನ್ನಿ. ಹೆಸರು ಬದಲಿಸಿ ಮಾರುವ ಕಾರ್ಡುಗಳೂ ಉಂಟು. ಜಿಪಿಯು-ಝಡ್ ಎಂಬ ಪುಕ್ಕಟೆ ತಂತ್ರಾಂಶ ಕಾರ್ಡಿನ ನಿಜ ಜಾತಕವನ್ನು ತೋರಿಸುತ್ತದೆ, ಪ್ರೊಸೆಸರಿಗೆ ಸಿಪಿಯು-ಝಡ್.

ಎಲ್ಲಿ ಕೊಳ್ಳುವುದು ಎಂದು ಕೇಳುವವರಿಗೆ: ಮುಂಬಯಿಯಲ್ಲಿ ಗ್ರಾಂಟ್ ರೋಡ್ ನಿಲ್ದಾಣದ ಬಳಿಯ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯಲ್ಲಿ ನೆಹರೂ ಪ್ಲೇಸ್, ಚೆನ್ನೈಯಲ್ಲಿ ರಿಚಿ ಸ್ಟ್ರೀಟ್, ಸಿಕಂದರಾಬಾದಿನಲ್ಲಿ ಚಿನಾಯ್ ಟ್ರೇಡ್ ಸೆಂಟರ್, ಊರಿಗೆ ಹೋದಾಗ ಬೆಂಗಳೂರಿನ ಎಸ್‌.ಪಿ. ರಸ್ತೆ. ಜಾಲದಂಗಡಿಗಳ ಬೆಲೆಯನ್ನು ಮೊದಲು ಬರೆದುಕೊಂಡು ಹೋಗಿ. ಮೂರು ಅಂಗಡಿಗಳಲ್ಲಿ ಕೊಟೇಶನ್ ಬರೆಯಿಸಿ. ಪ್ರತಿ ಭಾಗದ ಕಂಪನಿ, ಪೂರ್ತಿ ಹೆಸರು, ಬೆಲೆ ಬೇರೆ ಬೇರೆ ಸಾಲಿನಲ್ಲಿರಬೇಕು. ಹೇಳಿದ ಬೆಲೆಯಲ್ಲಿ 18 ಶೇಕಡಾ ಜಿಎಸ್‌ಟಿ ಸೇರಿದೆಯೇ ಎಂದು ಕೇಳಿ. 'ಬಿಲ್ಲಿಲ್ಲದೆ ಕೊಂಡರೆ ಕಡಿಮೆ' ಎಂಬ ಮಾತು ಕಿವಿಗೆ ಇಂಪಾಗಿರುತ್ತದೆ. ಆದರೆ ಎರಡನೆಯ ವರ್ಷ ಕಾರ್ಡು ಕೆಟ್ಟಾಗ ವಾರಂಟಿಯವರು ಕೇಳುವುದು ಬಿಲ್ಲನ್ನೇ. ಪ್ರೊಸೆಸರು ಮುಚ್ಚಿದ ಡಬ್ಬಿಯಲ್ಲೇ ಬರಬೇಕು, ಅದಕ್ಕೆ ಕಂಪನಿಯ ಮೂರು ವರ್ಷದ ವಾರಂಟಿ ಇರುತ್ತದೆ. ಬಿಡಿಯಾಗಿ ತಟ್ಟೆಯಿಂದೆತ್ತಿ ಕೊಡುವುದಕ್ಕೆ ಅದು ಇರುವುದಿಲ್ಲ. ಡಬ್ಬಿಗಳನ್ನೆಲ್ಲ ಮನೆಗೆ ತನ್ನಿ, ರದ್ದಿಗೆ ಹಾಕಬೇಡಿ.

ಮನೆಗೆ ತಂದ ಮೇಲೆ ಬಹಳ ಮಂದಿ ಮಾಡುವ ಒಂದು ತಪ್ಪಿದೆ. ಮಾನಿಟರಿನ ತಂತಿಯನ್ನು ಮೇಲಿನ ಬೋರ್ಡಿನ ಕಿಂಡಿಗೆ ಸಿಕ್ಕಿಸುತ್ತಾರೆ. ಅದು ಹೋಗಬೇಕಾದದ್ದು ಕೆಳಗೆ ಅಡ್ಡಲಾಗಿರುವ ಕಾರ್ಡಿನ ಕಿಂಡಿಗೆ. ಹೀಗಾದಾಗ ದುಡ್ಡು ಕೊಟ್ಟ ಕಾರ್ಡು ನಿದ್ರಿಸುತ್ತ, ಒಳಗಿನ ಬಡ ಭಾಗವೇ ದುಡಿಯುತ್ತಿರುತ್ತದೆ. 144 ಹರ್ಟ್ಸಿನ ಮಾನಿಟರು ಕೊಂಡವರು ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 60ರ ಬದಲು 144 ಎಂದು ಆರಿಸಿದ್ದೀರಾ ಎಂದೂ ನೋಡಿಕೊಳ್ಳಿ. ವಿಂಡೋಸಿನ ಪರವಾನಗಿಗೂ ಬೆಲೆಯುಂಟೆಂಬುದನ್ನು ಲೆಕ್ಕದಲ್ಲಿಡಬೇಕು. ಲಿನಕ್ಸ್ ಪುಕ್ಕಟೆ, ಸ್ಟೀಮಿನ ಬಹಳ ಆಟಗಳು ಅದರಲ್ಲೂ ಓಡುತ್ತವೆ, ವ್ಯಾಲೊರೆಂಟ್ ಓಡುವುದಿಲ್ಲ.

ನಮ್ಮ ಸದಸ್ಯರ ಯಂತ್ರದ ವಿಷಯ ಉಳಿಯಿತು. ಅಂಗಡಿಯವನು ಹಿಂದೆ ತೆಗೆದುಕೊಳ್ಳಲು ಒಪ್ಪಲಿಲ್ಲ. ಕೈಯಲ್ಲಿದ್ದದ್ದು ಚೀಟಿ, ಬಿಲ್ಲಲ್ಲ. ಭಾಗಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟು, ಯಾವುದು ಉಳಿಯುತ್ತದೆಂದು ಹುಡುಗನೇ ಕಾಗದದ ಮೇಲೆ ಬರೆದ. ಕ್ಯಾಬಿನೆಟ್, ಕೀಲಿಮಣೆ, ಮೌಸ್, ಚಿಕ್ಕದೊಂದು ಎಸ್‌ಎಸ್‌ಡಿ ಉಳಿದವು. ಪ್ರೊಸೆಸರು, ಬೋರ್ಡು, ಡಿಡಿಆರ್3 ರ‍್ಯಾಮ್, ಜಿಟಿ 730 ಇವನ್ನು ಸೇರಿಸಿ ಲ್ಯಾಮಿಂಗ್ಟನ್ ರಸ್ತೆಯ ಹಳೆ ಸಾಮಾನಿನವನಿಗೆ ಸಿಕ್ಕ ಬೆಲೆಗೆ ಕೊಟ್ಟದ್ದಾಯಿತು. ಆ ಎಸ್‌ಎಂಪಿಎಸ್ಸನ್ನು ಮಾತ್ರ ಯಾರಿಗೂ ಮಾರಬಾರದೆಂದು ತಂದೆಯವರೇ ಗುಜರಿಗೆ ಹಾಕಿದರು. ಜನವರಿಯಲ್ಲಿ 5600ಜಿ, ಬಿ550 ಬೋರ್ಡು, ಬಳಸಿದ ಎರಡು ಪಟ್ಟಿ ರ‍್ಯಾಮ್, ಹೊಸ 550 ವಾಟಿನ ಡಬ್ಬಿ ಬಂದವು. ಈ ಸಲ ಬಿಲ್ಲು ಸಹಿತ. ಜೋಡಿಸಿದ್ದು ಹುಡುಗನೇ, ನಾವು ಪಕ್ಕದಲ್ಲಿ ಕುಳಿತು ಸ್ಕ್ರೂ ಎಣಿಸುತ್ತಿದ್ದೆವು. ಆಟ ಮೊದಲ ರಾತ್ರಿಯೇ ತೆರೆಯಿತು. ಕಾರ್ಡಿನ ಆರಾಣೆ ಮುಂದಿನ ದೀಪಾವಳಿಗೆ ಎಂದು ಅಂಚೆಕಚೇರಿಯ ಆರ್‌ಡಿ ಪುಸ್ತಕವೊಂದನ್ನು ತಂದೆ ಮಗ ಸೇರಿ ತೆರೆದಿದ್ದಾರೆ.